‘ಹೂಂ ರೀ ಸರ್’: ಕೆಲಸಕ್ಕೆ ಸೇರಿದ ಮೇಲೆ ನಾನು ಹೇಳಿದ ದೊಡ್ಡ ಸುಳ್ಳು

(1/7)

ಹೋದ ವಾರ ನಮ್ಮ ಬ್ಯಾಚಿನ ಗ್ರೂಪಿನಲ್ಲಿ ಒಬ್ಬ ಗೆಳೆಯ ಕೇಳಿದ: “ಸೋಮವಾರದಿಂದ ಕೆಲಸಕ್ಕ ಹೊಂಟೀನಿ. ಅಲ್ಲಿ ಎಲ್ಲಾರ ಜೋಡಿ ಚೊಲೋ ಇರಬೇಕಂದ್ರ ಏನ್ ಮಾಡ್ಬೇಕ್ರೋ?”

ಉತ್ತರ ಸಾಲಾಗಿ ಬಂದವು. ನಗ್ತಾ ಇರು. ಇಂಗ್ಲಿಷ್ ಕಲಿ. ಬಾಸ್‌ಗೆ ಎದುರಾಡಬೇಡ. ಎಲ್ಲದಕ್ಕೂ ‘ಹೂಂ’ ಅನ್ನು.

ಆ ಕೊನೇ ಉತ್ತರಕ್ಕೆ ಹದಿನಾಲ್ಕು ಲೈಕ್ ಬಿದ್ದಿದ್ದವು. ನಾನು ಲೈಕ್ ಒತ್ತಲಿಲ್ಲ. ಯಾಕಂದ್ರೆ ನಾನು ಹಂಗೇ ‘ಹೂಂ’ ಅಂದಿದ್ದಕ್ಕೆ ಇನ್ನೊಬ್ಬರ ಕೂಲಿ ಹೋಗಿತ್ತು. ಇವತ್ತು ಅದನ್ನ ಹೇಳ್ತೀನಿ.

ನಾನು ಹುಬ್ಬಳ್ಳಿಯ ಒಂದು ಗೋದಾಮಿಗೆ ಸೇರಿ ಮೂರು ವಾರ ಆಗಿತ್ತು. ಕೆಲಸ ಏನಂದ್ರೆ ಕಂಪ್ಯೂಟರಿನಲ್ಲಿ ಚಲನ್ ಮಾಡೋದು, ಯಾವ ಮಾಲು ಯಾವ ಗಾಡಿಗೆ ಅಂತ ಹಮಾಲರಿಗೆ ಹೇಳೋದು. ಒಂದು ಶನಿವಾರ ಸಂಜೆ ಸೂಪರ್‌ವೈಸರ್ ಫೋನ್ ಕಿವಿಗಿಟ್ಟುಕೊಂಡೇ ನನ್ನ ಟೇಬಲ್ ಹತ್ತಿರ ಬಂದು, “ಹಳೇ ಮಾಲು ಮೊದಲ ಗದಗಿಗೆ ಕಳಸು, ಹೊಸಾದು ಸೋಮವಾರ” ಅಂದ್ರು.

“ಹೂಂ ರೀ ಸರ್” ಅಂದೆ.

‘ಹಳೇ ಮಾಲು’ ಅಂದ್ರೆ ಯಾವುದು ಅಂತ ನನಗೆ ಗೊತ್ತಿರಲಿಲ್ಲ. ಹಿಂದಿನ ಗೋಡೆ ಪಕ್ಕ ಒಂದು ರಾಶಿ ಇತ್ತು, ಅದೇ ಇರಬೇಕು ಅಂದುಕೊಂಡೆ. ಹಮಾಲ ಕಾಕಾಗೆ ಅದನ್ನೇ ತೋರಿಸಿದೆ. ಅದು ಅಂಗಡಿಗಳಿಂದ ವಾಪಸ್ ಬಂದ ಮಾಲು! ಗದಗಿನವರು ಗಾಡಿಯನ್ನು ಹಂಗೇ ತಿರುಗಿಸಿ ಕಳಿಸಿದ್ರು.

ಸೋಮವಾರ ಬೆಳಿಗ್ಗೆ ಎಲ್ಲರ ಮುಂದೆ ಕಾಕಾಗೆ ಬೈಗುಳ. “ಕಣ್ಣು ಎಲ್ಲಿಟ್ಟಿದ್ದಿ? ಇಷ್ಟು ವರ್ಷ ಆತು, ಮಾಲು ಗೊತ್ತಾಗಂಗಿಲ್ಲ?” ಗಾಡಿ ಬಾಡಿಗೆ ಅವರ ವಾರದ ಪಗಾರದಾಗ ಮುರೀತೀನಿ ಅಂತ ಬೇರೆ ಹೇಳಿದ್ರು.

ಕಾಕಾ ಒಂದು ಸಲ ನನ್ನ ಕಡೆ ನೋಡಿದ್ರು. ಏನೂ ಹೇಳಲಿಲ್ಲ. ನಾನೂ ಏನೂ ಹೇಳಲಿಲ್ಲ. ಕಂಪ್ಯೂಟರ್ ನೋಡ್ತಾ ಕೂತಿದ್ದೆ. ಸ್ಕ್ರೀನ್ ಮೇಲೆ ಏನೂ ಇರಲಿಲ್ಲ.

ಮುಂದಿನ ಫೋಟೋಗೆ ಹೋಗಿ. ಇನ್ನೂ ಇದೆ.

(2/7)

ಮನೆಗೆ ಹೋಗಿ ಯೋಚಿಸಿದೆ: ನಾನು ಯಾಕೆ ‘ಹೂಂ’ ಅಂದೆ?

ನಮ್ಮ ಆಡೂರು ಕಡೆ ‘ಹೂಂ’ ಅನ್ನೋದು ಒಪ್ಪಿಗೆ ಅಲ್ಲವೇ ಅಲ್ಲ. ಅದು ಮರ್ಯಾದೆ. ಅಜ್ಜಿ ಕಥೆ ಹೇಳುವಾಗ ‘ಹೂಂ’ ಅಂತ ಹೂಂಗುಟ್ಟದಿದ್ದರೆ ಅಜ್ಜಿ ಕಥೆ ನಿಲ್ಲಿಸ್ತಿದ್ಲು. ಅಂದ್ರೆ ‘ನಾ ಎದ್ದಿದ್ದೀನಿ, ಕಿವಿ ಇಲ್ಲೇ ಇದೆ, ನೀ ಹೇಳು’ ಅಂತ ಅರ್ಥ. ಹಿರಿಯರು ಮಾತಾಡುವಾಗ ‘ಹೂಂ ರೀ’ ಅನ್ನೋದೂ ಹಂಗೇ. ತಿಳೀತು ಅಂತಲ್ಲ, ಕಿವಿಗೆ ಬಿತ್ತು ಅಂತ.

ಗೋದಾಮಿನಲ್ಲಿ, ಆಫೀಸಿನಲ್ಲಿ, ಆಸ್ಪತ್ರೆಯಲ್ಲಿ ಅದೇ ‘ಹೂಂ’ಗೆ ಬೇರೆ ಅರ್ಥ. ಹೇಳಿದವರು ‘ಇವನಿಗೆ ತಿಳೀತು, ಮಾಡ್ತಾನೆ’ ಅಂತ ಹೋಗಿಬಿಡ್ತಾರೆ. ಒಂದೇ ಅಕ್ಷರ, ಇಬ್ಬರ ತಲೆಯಲ್ಲಿ ಎರಡು ಅರ್ಥ. ನಮ್ಮ ಕೆಲಸದ ಜಾಗದ ಅರ್ಧ ಜಗಳ ಹುಟ್ಟೋದು ಈ ಸಂದಿಯಲ್ಲೇ ಅಂತ ನನಗನ್ನಿಸುತ್ತೆ.

ಮತ್ತೆ ಕೇಳಬಹುದಿತ್ತಲ್ಲ? ಕೇಳಬಹುದಿತ್ತು. ಕೇಳಲಿಲ್ಲ, ಯಾಕಂದ್ರೆ ಭಯ. ‘ಡಿಗ್ರಿ ಮುಗಿಸ್ಯಾನ, ಇಷ್ಟೂ ಗೊತ್ತಿಲ್ಲ’ ಅಂತಾರೆ ಅನ್ನೋ ಭಯ. ಈ ಭಯ ಕೆಲಸಕ್ಕೆ ಸೇರಿದ ಮೇಲೆ ಶುರು ಆಗಿದ್ದಲ್ಲ. ಕ್ಲಾಸಿನಲ್ಲಿ ಮೇಷ್ಟ್ರು “ತಿಳೀತಾ?” ಅಂದಾಗ ಎಪ್ಪತ್ತು ಜನ ಒಟ್ಟಿಗೆ “ತಿಳೀತ್ರೀ ಸರ್” ಅಂತಿದ್ವಿ, ನೆನಪಿದೆಯಾ? ಪರೀಕ್ಷೆ ದಿನ ಗೊತ್ತಾಗ್ತಿತ್ತು ಎಷ್ಟು ಜನಕ್ಕೆ ತಿಳಿದಿತ್ತು ಅಂತ. ಅಲ್ಲಿ ಹೋಗ್ತಿದ್ದದ್ದು ನಮ್ಮ ಮಾರ್ಕ್ಸ್. ಇಲ್ಲಿ ಹೋಗೋದು ಬೇರೆಯವರ ಕೂಲಿ.

ನಮ್ಮ ಕನ್ನಡ ಇದಕ್ಕೆ ದಾರಿ ಆಗಲೇ ಇಟ್ಟಿದೆ ನೋಡಿ. ‘ಕೇಳು’ ಅನ್ನೋ ಒಂದೇ ಮಾತಿಗೆ ಎರಡು ಅರ್ಥ. ಹಾಡು ಕೇಳೋದೂ ಕೇಳೋದೇ, ಪ್ರಶ್ನೆ ಕೇಳೋದೂ ಕೇಳೋದೇ. ನಾವು ಮೊದಲನೇದನ್ನ ಮಾತ್ರ ಮಾಡಿ ಸುಮ್ಮನಾಗ್ತೀವಿ.

ಈ ಸರಣಿಯಲ್ಲಿ ನಾನು ಹೇಳೋಕೆ ಹೊರಟಿರೋದು ಇಷ್ಟೇ: ಕೆಲಸದ ಜಾಗದಲ್ಲಿ ಸಂಬಂಧ ಚೆನ್ನಾಗಿರೋದು ಸಿಹಿ ಮಾತಿನಿಂದ ಅಲ್ಲ. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಹಂಗೇ ತಲುಪಿದಾಗ, ತಪ್ಪಾದರೆ ‘ನಂದು ತಪ್ಪು’ ಅಂತ ಹೇಳೋಕೆ ಜಾಗ ಇದ್ದಾಗ.

(3/7)

ಈ ಫೋಟೋ ಹಾವೇರಿ ಸ್ಟೇಷನ್ನಿನಲ್ಲಿ ತೆಗೆದಿದ್ದು. ಊರಿಂದ ಹುಬ್ಬಳ್ಳಿಗೆ ಓಡಾಡೋವಾಗ ರೈಲಿನವರ ಕೆಲಸ ನೋಡಿ ಒಂದು ವಿಷಯ ಕಲಿತೆ.

ಎಂಜಿನ್ನಿನಲ್ಲಿ ಲೋಕೋ ಪೈಲಟ್, ಅವರ ಸಹಾಯಕ ಇಬ್ಬರೂ ಇರ್ತಾರೆ. ಮುಂದೆ ಸಿಗ್ನಲ್ ಕಂಡ ತಕ್ಷಣ ಅದರ ಬಣ್ಣ ಏನು ಅಂತ ಒಬ್ಬರು ಜೋರಾಗಿ ಹೇಳಬೇಕು, ಇನ್ನೊಬ್ಬರು ಅದನ್ನೇ ತಿರುಗಿ ಹೇಳಬೇಕು. ಇಬ್ಬರಿಗೂ ಕಣ್ಣಿದೆ, ಇಬ್ಬರಿಗೂ ಕಾಣ್ತಿದೆ. ಆದ್ರೂ ಬಾಯಿಬಿಟ್ಟು ಹೇಳಬೇಕು. ಅದೇ ಥರ ಲೆವೆಲ್ ಕ್ರಾಸಿಂಗ್ ಗೇಟ್ ಹಾಕಿದ ಗೇಟ್‌ಮನ್ ಸ್ಟೇಷನ್ ಮಾಸ್ಟರ್‌ಗೆ ಬರೀ ‘ಹೂಂ, ಹಾಕೀನ್ರಿ’ ಅಂದ್ರೆ ಸಾಲದ ಕಡೆ, ಒಂದು ಪ್ರೈವೇಟ್ ನಂಬರ್ ಹೇಳಬೇಕು. ಮಾಸ್ಟರ್ ಅದನ್ನ ಬರೆದುಕೊಳ್ತಾರೆ. ಯಾರ ಮೇಲೂ ಅನುಮಾನ ಇಲ್ಲ. ‘ಹೂಂ’ ಮೇಲೆ ಅನುಮಾನ.

ಅನುಮಾನ ಯಾಕೆ ಬೇಕು ಅಂತೀರಾ? 1977ರ ಮಾರ್ಚ್ 27. ಸ್ಪೇನಿನ ಟೆನೆರಿಫ್ ದ್ವೀಪದ ವಿಮಾನ ನಿಲ್ದಾಣ, ದಟ್ಟ ಮಂಜು. ಒಂದೇ ರನ್‌ವೇ ಮೇಲೆ ಎರಡು ಬೋಯಿಂಗ್ 747. ಕೆಎಲ್‌ಎಂ ವಿಮಾನದವರು ಹೊರಡ್ತಿದ್ದೀವಿ ಅನ್ನೋ ಅರ್ಥದ ಮಾತು ಹೇಳಿದ್ರು. ಕಂಟ್ರೋಲರ್ ‘ಓಕೆ’ ಅಂದು, ಆಮೇಲೆ ‘ಕಾಯಿರಿ’ ಅಂದ್ರು. ಅದೇ ಕ್ಷಣಕ್ಕೆ ಇನ್ನೊಂದು ವಿಮಾನದವರೂ ಮಾತಾಡಿದ್ದರಿಂದ ರೇಡಿಯೋದಲ್ಲಿ ಗೊರಗೊರ. ‘ಓಕೆ’ ಮಾತ್ರ ಸರಿಯಾಗಿ ಕೇಳಿಸ್ತು. ಕಾಕ್‌ಪಿಟ್ಟಿನಲ್ಲಿದ್ದ ಫ್ಲೈಟ್ ಎಂಜಿನಿಯರ್‌ಗೆ ಅನುಮಾನ ಬಂತು. ಆ ವಿಮಾನ ಇನ್ನೂ ರನ್‌ವೇ ಬಿಟ್ಟಿಲ್ಲವಾ ಅಂತ ಕೇಳಿಯೂ ಕೇಳಿದ್ರು. ಕ್ಯಾಪ್ಟನ್ ದೊಡ್ಡ ಅನುಭವಿ. ಬಿಟ್ಟಿದೆ ಅಂದುಬಿಟ್ರು. ಎಂಜಿನಿಯರ್ ಮತ್ತೆ ಕೇಳಲಿಲ್ಲ. 583 ಜನ ಸತ್ತರು.

ಅದಾದ ಮೇಲೆ ವಿಮಾನಯಾನದವರು ಮಾತಾಡೋ ರೀತಿಯನ್ನೇ ಬದಲಿಸಿದ್ರು. ಅಪ್ಪಣೆ ಬಂದರೆ ಬರೀ ‘ಓಕೆ’ ಅಲ್ಲ, ಅಪ್ಪಣೆಯನ್ನೇ ತಿರುಗಿ ಹೇಳಬೇಕು. ‘ಟೇಕಾಫ್’ ಅನ್ನೋ ಪದವನ್ನು ಟೇಕಾಫ್ ಅಪ್ಪಣೆ ಕೊಡುವಾಗ, ಇಲ್ಲಾ ರದ್ದು ಮಾಡುವಾಗ ಮಾತ್ರ ಬಳಸಬೇಕು. ಕಿರಿಯರಿಗೆ ಅನುಮಾನ ಬಂದರೆ ಹೇಳಬೇಕು, ಹಿರಿಯರು ಕೇಳಬೇಕು ಅನ್ನೋದನ್ನ ತರಬೇತಿಯಲ್ಲೇ ಕಲಿಸೋಕೆ ಶುರು ಮಾಡಿದ್ರು.

ನಮ್ಮದು ವಿಮಾನ ಅಲ್ಲ, ಗದಗಿಗೆ ಹೋಗೋ ಟೆಂಪೋ. ಆದ್ರೂ ನಾನು ಶನಿವಾರ ಹೀಗೆ ಅಂದಿದ್ರೆ ಸಾಕಿತ್ತು: “ಸರ್, ಹಳೇ ಮಾಲು ಅಂದ್ರ ಹಿಂದಿನ ಗ್ವಾಡಿ ಕಡೆ ಐತಲ್ರಿ, ಅದ ಅಲ್ರಿ?” ಐದು ಸೆಕೆಂಡ್. “ಅಲ್ಲೋ, ಅದು ರಿಟರ್ನ್ ಮಾಲು” ಅಂತಿದ್ರು. ಕಥೆ ಅಲ್ಲಿಗೇ ಮುಗೀತಿತ್ತು.

(4/7)

ಈಗ ಮಾತಿನ ವಿಷಯ.

ನಮ್ಮ ಕಡೆಯಿಂದ ಬೆಂಗಳೂರಿಗೆ ಹೋದವರೆಲ್ಲ ಒಂದು ದೂರು ಹೇಳ್ತಾರೆ. ನಾವು ಸುಮ್ಮನೆ ಮಾತಾಡಿದರೂ “ಯಾಕೆ ಜಗಳ ಆಡ್ತಿದ್ದೀರಾ?” ಅಂತಾರಂತೆ. ಪ್ರೀತಿಯಿಂದ ‘ನೀ ಬಾರಲೇ’ ಅಂದರೆ ಎದುರಿನವರ ಮುಖ ಕೆಂಪಾಗುತ್ತೆ. ಅದಕ್ಕೆ ಕೆಲವರು ಊರಿನ ಮಾತನ್ನೇ ಬಿಟ್ಟು ಬಾಯಿ ಮುಚ್ಚಿಕೊಂಡು ಕೂರ್ತಾರೆ. ಇದು ತಪ್ಪು ಅಂತ ನನ್ನ ಅಭಿಪ್ರಾಯ. ಭಾಷೆ ಬಿಡಬೇಡಿ. ವೇಗ ಸ್ವಲ್ಪ ಕಮ್ಮಿ ಮಾಡಿ, ಹೊಸಬರಿಗೆ ‘ನೀವು’ ಅನ್ನಿ, ಸಲಿಗೆ ಬೆಳೆದ ಮೇಲೆ ಅವರೇ ನಿಮ್ಮಿಂದ ‘ಹೌದಲೇ’ ಕಲೀತಾರೆ.

ನನಗೆ ಇದಕ್ಕಿಂತ ಜಾಸ್ತಿ ಚುಚ್ಚೋದು ಬೇರೆ. ನಮ್ಮ ‘ರೀ’ ಮೇಲಕ್ಕೆ ಮಾತ್ರ ಹೋಗುತ್ತೆ. ಸರ್‌ಗೆ ‘ಹೂಂ ರೀ’, ಮ್ಯಾನೇಜರ್‌ಗೆ ‘ಬರ್ರಿ, ಕುಂದರ್ರಿ’. ಅಪ್ಪನ ವಯಸ್ಸಿನ ಹಮಾಲರಿಗೆ, ಕಸ ಗುಡಿಸೋ ಅಕ್ಕನಿಗೆ, ಚಹಾ ತರೋ ಹುಡುಗನಿಗೆ ‘ಏ ಬಾರೋ’. ಊರಲ್ಲಿ ಅದೇ ವಯಸ್ಸಿನವರನ್ನ ಕಾಕಾ, ದೊಡ್ಡಪ್ಪ ಅಂತೀವಿ. ಬಸ್ ಹತ್ತಿ ಹುಬ್ಬಳ್ಳಿ ಮುಟ್ಟೋದರೊಳಗೆ ಆ ‘ರೀ’ ಎಲ್ಲಿ ಬಿದ್ದುಹೋಗುತ್ತೆ?

ಒಂದು ಪರೀಕ್ಷೆ ಮಾಡಿ. ನಾಳೆ ಒಂದು ದಿನ ನೀವು ಯಾರಿಗೆ ‘ರೀ’ ಅಂದ್ರಿ, ಯಾರಿಗೆ ಅನ್ನಲಿಲ್ಲ ಅಂತ ಗಮನಿಸಿ. ನಿಮ್ಮ ಕೆಲಸದ ಜಾಗದಲ್ಲಿ ಯಾರ ಮಾತಿಗೆ ಬೆಲೆ ಇಲ್ಲ ಅಂತ ಗೊತ್ತಾಗುತ್ತೆ. ಮಾಲು ತಪ್ಪು ಹೋಗ್ತಿದೆ, ಮಷಿನ್ ಸದ್ದು ಬೇರೆ ಬರ್ತಿದೆ ಅನ್ನೋದು ಮೊದಲು ಗೊತ್ತಾಗೋದೂ ಅವರಿಗೇ. ನನ್ನ ವಿಷಯದಲ್ಲೂ ಹಂಗೇ ಆಗಿತ್ತು. ಆ ಶನಿವಾರ ಕಾಕಾ “ಇದ ಏನ್ ತಮ್ಮಾ, ಖರೇನ?” ಅಂತ ಕೇಳಿದ್ರು. ನಾನು “ಹೂಂ ಕಾಕಾ, ಲಗೂನ ಹಾಕ್ರಿ” ಅಂದಿದ್ದೆ. ‘ರೀ’ ಅಂದಿದ್ದೆ, ಆದರೆ ಕೇಳಲಿಲ್ಲ. ಕ್ಯಾಪ್ಟನ್ ಮಾಡಿದ್ದನ್ನೇ ನಾನೂ ಮಾಡಿದ್ದೆ.

ಇನ್ನೊಂದು: ಹೊಗಳೋದು ಗ್ರೂಪಿನಲ್ಲಿ, ತಿದ್ದೋದು ಪಕ್ಕಕ್ಕೆ ಕರೆದು. ನಮ್ಮಲ್ಲಿ ಇದು ಉಲ್ಟಾ. ಕೆಲಸ ಚೆನ್ನಾಗಾದರೆ ಯಾರೂ ಬಾಯಿ ಬಿಡಲ್ಲ. ತಪ್ಪಾದರೆ ನಲವತ್ತು ಜನ ಇರೋ ವಾಟ್ಸಾಪ್ ಗ್ರೂಪಿನಲ್ಲಿ ಹೆಸರು ಹಾಕಿ ಕೇಳ್ತಾರೆ. ಉಳಿದ ಮೂವತ್ತೊಂಬತ್ತು ಜನ ಅದರಿಂದ ಏನು ಕಲೀತಾರೆ? ಕೆಲಸ ಕಲಿಯಲ್ಲ. ತಪ್ಪು ಮುಚ್ಚಿಡೋದು ಕಲೀತಾರೆ. ನಾನು ಕಲಿತಿದ್ದು ಅದನ್ನೇ.

(5/7)

“ಇದೆಲ್ಲ ನಮಗ್ಯಾಕ ಹೇಳ್ತಿ, ಮ್ಯಾಲಿನವರಿಗೆ ಹೇಳು” ಅಂತ ಕೆಲವರು ಕಮೆಂಟ್ ಹಾಕ್ತೀರಿ. ಸರಿ ಮಾತೇ. ಹೇಳೋದು ಕೆಳಗಿನವರ ಕೆಲಸ ಆದರೆ, ಕೇಳಿಸಿಕೊಳ್ಳೋದು ಮೇಲಿನವರ ಕೆಲಸ. ಎರಡನೇದು ಇಲ್ಲದಿದ್ದರೆ ಏನಾಗುತ್ತೆ ಅಂತ ನಮ್ಮ ರಾಜ್ಯವೇ ನೋಡಿದೆ.

2020ರ ಡಿಸೆಂಬರ್ 12, ಕೋಲಾರ ಜಿಲ್ಲೆಯ ನರಸಾಪುರ. ಐಫೋನ್ ಜೋಡಿಸೋ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಕೆಲಸಗಾರರ ಸಿಟ್ಟು ಒಡೆದು, ಗಾಜು, ಯಂತ್ರ, ವಾಹನ ಎಲ್ಲ ಪುಡಿಯಾದವು. ಸಂಬಳ ಸರಿಯಾಗಿ ಬರ್ತಿಲ್ಲ ಅನ್ನೋದು ಅವರ ದೂರು. ಬಹಳಷ್ಟು ಜನ ಗುತ್ತಿಗೆಯವರು, ನಮ್ಮ ನಿಮ್ಮ ವಯಸ್ಸಿನವರು. ಒಡೆದಿದ್ದು ಸರಿ ಅಂತ ನಾನು ಹೇಳ್ತಿಲ್ಲ. ಆದರೆ ಆಮೇಲೆ ಹೊರಬಂದಿದ್ದನ್ನ ನೋಡಿ. ಸರ್ಕಾರದ ಪ್ರಾಥಮಿಕ ವರದಿಯ ಪ್ರಕಾರ ಅಲ್ಲಿ ಕೆಲಸಗಾರರ ಸಂಖ್ಯೆ ಕಡಿಮೆ ಸಮಯದಲ್ಲಿ 5,000ದಿಂದ 10,500ಕ್ಕೆ ಏರಿತ್ತು. ಅಷ್ಟು ಜನರನ್ನ ನೋಡಿಕೊಳ್ಳೋವಷ್ಟು ಎಚ್‌ಆರ್ ವಿಭಾಗ ಬೆಳೆದಿರಲಿಲ್ಲ. ಒಂದೇ ವಾರದಲ್ಲಿ, ಡಿಸೆಂಬರ್ 19ಕ್ಕೆ, ಕೆಲವು ಕೆಲಸಗಾರರಿಗೆ ಸರಿಯಾಗಿ, ಸಮಯಕ್ಕೆ ಸಂಬಳ ಆಗಿರಲಿಲ್ಲ ಅಂತ ಕಂಪನಿಯೇ ಒಪ್ಪಿಕೊಂಡು ಕ್ಷಮೆ ಕೇಳಿತು. ಭಾರತದ ವ್ಯವಹಾರ ನೋಡಿಕೊಳ್ತಿದ್ದ ಉಪಾಧ್ಯಕ್ಷರನ್ನ ತೆಗೆಯಿತು. ಆಪಲ್ ವಿಸ್ಟ್ರಾನನ್ನು ಪ್ರೊಬೇಶನ್‌ನಲ್ಲಿ ಇಟ್ಟಿತು.

ಆಗ ಕಂಪನಿ ಮಾಡಿದ ಇನ್ನೊಂದು ಕೆಲಸ ಏನು ಗೊತ್ತಾ? ಹೆಸರು ಹೇಳದೆಯೂ ದೂರು ಕೊಡಬಹುದಾದ 24 ಗಂಟೆಯ ಸಹಾಯವಾಣಿ. ಇಂಗ್ಲಿಷಿನ ಜೊತೆ ಕನ್ನಡ, ತೆಲುಗು, ತಮಿಳು, ಹಿಂದಿಯಲ್ಲೂ.

ಆ ಫೋನ್ ನಂಬರಿಗೆ ಖರ್ಚಾಗೋದು ಎಷ್ಟು? ಒಡೆದುಹೋದ ಗಾಜಿನ ಮುಂದೆ ಏನೂ ಅಲ್ಲ. ಗಾಜು ಒಡೆಯೋ ಮುಂಚೆ ಅದನ್ನ ಇಟ್ಟಿದ್ರೆ?

ನಾಳೆ ನೀವೇ ಟೀಮ್ ಲೀಡ್ ಆಗ್ತೀರಿ, ಸೂಪರ್‌ವೈಸರ್ ಆಗ್ತೀರಿ. ಆಗ “ತಿಳೀತಾ?” ಅಂತ ಕೇಳಬೇಡಿ. ಅದಕ್ಕೆ ಉತ್ತರ ಯಾವಾಗಲೂ ‘ಹೂಂ’. “ಈಗ ಏನ್ ಮಾಡ್ತಿ, ಹೇಳು ನೋಡೋಣ” ಅನ್ನಿ. “ಎಲ್ಲಿ ತೊಂದರೆ ಆಗಬಹುದು?” ಅಂತ ಕೇಳಿ, ಹತ್ತು ಸೆಕೆಂಡ್ ಬಾಯಿ ಮುಚ್ಚಿಕೊಂಡು ಕಾಯಿರಿ. ಆ ಹತ್ತು ಸೆಕೆಂಡ್ ಬಹಳ ಉದ್ದ ಅನ್ನಿಸುತ್ತೆ. ಆದ್ರೂ ಕಾಯಿರಿ.

(6/7)

ಬರವಣಿಗೆ.

ನಮ್ಮ ಆಡೂರಿನಲ್ಲಿ ಬಾದಾಮಿ ಚಾಲುಕ್ಯರ ಕಾಲದ ಶಾಸನ ಸಿಕ್ಕಿದೆ ಅಂತ ನಮ್ಮೂರಿನವರಿಗೆ ಗೊತ್ತು. 1,200 ವರ್ಷಕ್ಕೂ ಹಳೇದು. ಚಿಕ್ಕವನಿದ್ದಾಗ ಕಲ್ಲಿನ ಮೇಲೆ ಯಾಕೆ ಇಷ್ಟು ಕಷ್ಟಪಟ್ಟು ಕೆತ್ತಿದ್ರು ಅನ್ನಿಸ್ತಿತ್ತು. ಈಗ ತಿಳೀತಿದೆ. ದಾನದ ಶಾಸನಗಳಲ್ಲಿ ಏನಿರುತ್ತೆ? ಯಾರು ಕೊಟ್ಟರು, ಯಾರಿಗೆ, ಎಷ್ಟು ಭೂಮಿ, ಗಡಿ ಎಲ್ಲಿಂದ ಎಲ್ಲಿಗೆ, ಸಾಕ್ಷಿ ಯಾರು. ಕೊನೆಗೆ, ಇದನ್ನ ಕೆಡಿಸಿದವನಿಗೆ ಶಾಪ! ಅಂದ್ರೆ ಬಾಯಿಮಾತು ಸಾಲದು ಅಂತ ಅವರಿಗೆ ಆಗಲೇ ಗೊತ್ತಿತ್ತು. ನಮ್ಮ ಮೆಸೇಜಿನಲ್ಲಿ ಶಾಪ ಬೇಡ. ಉಳಿದಿದ್ದೆಲ್ಲ ಬೇಕು. ಯಾರು, ಏನು, ಎಷ್ಟು, ಯಾವಾಗ.

‘ಸರ್ ಮಾಲು ಪ್ರಾಬ್ಲಂ ಆಗಿದೆ’ ಅಂತ ಕಳಿಸಿದರೆ ಓದಿದವರಿಗೆ ಬರೀ ತಲೆಬಿಸಿ. ‘ಸರ್, ಗದಗ ಗಾಡಿಯಲ್ಲಿ 12 ಬಾಕ್ಸ್ ಕಮ್ಮಿ ಇದೆ. ಗೋದಾಮಿನಲ್ಲೂ ಸ್ಟಾಕ್ ಇಲ್ಲ. ಇದ್ದಷ್ಟು ಕಳಿಸಲಾ, ನಾಳೆವರೆಗೆ ಕಾಯಲಾ? 5 ಗಂಟೆಯೊಳಗೆ ಹೇಳಿದರೆ ಇವತ್ತೇ ಗಾಡಿ ಬಿಡಬಹುದು’ ಅಂದರೆ ಉತ್ತರ ಒಂದೇ ಸಾಲಿನಲ್ಲಿ ಬರುತ್ತೆ. ಬಾಯಲ್ಲಿ ಹೇಳಿದ ಕೆಲಸ ಆದರೆ, ಆಮೇಲೆ ‘ಸರ್, ನೀವು ಹೇಳಿದಂಗೆ ಇಷ್ಟು ಮಾಡ್ತಿದ್ದೀನಿ’ ಅಂತ ಒಂದು ಸಾಲು ಕಳಿಸಿಬಿಡಿ. ಸಿಟ್ಟಿನಲ್ಲಿ ಬರೆದಿದ್ದನ್ನ ಮಾತ್ರ ಊಟ ಮಾಡಿ ಬಂದ ಮೇಲೆ ಕಳಿಸಿ. ಅರ್ಧ ನೀವೇ ಅಳಿಸ್ತೀರಿ.

ಒಂದು ಎಚ್ಚರ. ನಮ್ಮ ಕಾಕಾಗೆ ಓದೋಕೆ ಬರಲ್ಲ. ಚಲನ್ ಮೇಲೆ ಎಲ್ಲ ಸರಿಯಾಗಿ ಬರೆದಿದ್ರೂ ಅವರಿಗೆ ಅದು ಬಿಳಿ ಹಾಳೆ. ಬರೆದು ಕೈ ತೊಳೆದುಕೊಂಡರೆ ಆಗಲ್ಲ, ಓದಿ ಹೇಳಬೇಕು. ಕಾನೂನೂ ಇದನ್ನ ಒಪ್ಪುತ್ತೆ. ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳ ಮೇಲಿನ ಲೈಂಗಿಕ ಕಿರುಕುಳ ತಡೆಯೋ 2013ರ ಕಾಯ್ದೆ ಪ್ರಕಾರ, 10 ಅಥವಾ ಹೆಚ್ಚು ಜನ ಕೆಲಸ ಮಾಡೋ ಕಡೆ ಆಂತರಿಕ ಸಮಿತಿ ಇರಬೇಕು. ದೂರನ್ನು ಬರವಣಿಗೆಯಲ್ಲಿ, ಸಾಮಾನ್ಯವಾಗಿ 3 ತಿಂಗಳೊಳಗೆ ಕೊಡಬೇಕು. ಬರೆಯೋಕೆ ಆಗದವರಿಗೆ ಬರೆದುಕೊಡೋಕೆ ಸಮಿತಿಯೇ ನೆರವಾಗಬೇಕು. ನಮ್ಮ ಬ್ಯಾಚಿನ ಹುಡುಗಿಯರೆಲ್ಲ ಇದನ್ನ ಸೇವ್ ಮಾಡಿಟ್ಟುಕೊಳ್ಳಿ. ಹುಡುಗರೂ. ಸಂಬಳ, ರಜೆ, ಪಾಳಿಯಂಥ ತಕರಾರಿಗೆ, 20 ಅಥವಾ ಹೆಚ್ಚು ಕಾರ್ಮಿಕರಿರೋ ಕಡೆ ಕುಂದುಕೊರತೆ ಸಮಿತಿ ಇರಬೇಕು ಅಂತಲೂ ಕಾನೂನಿದೆ. ನಿಮ್ಮ ಕಡೆ ಇದೆಯಾ? ಕೇಳಿ ನೋಡಿ.

ಸಿಹಿ ಮಾತಿಗೆ ಕಿವಿ ಕೊಡದವರು ಬರೆದ ಕಾಗದಕ್ಕೆ ಉತ್ತರ ಕೊಡಲೇಬೇಕಾಗುತ್ತೆ. ಬರವಣಿಗೆ ಬಡವರ ಸಾಕ್ಷಿ.

(7/7)

ಕಾಕಾ ಕಥೆ ಮುಗಿಸ್ತೀನಿ.

ಸೋಮವಾರ ಸುಮ್ಮನಿದ್ದೆ. ಮಂಗಳವಾರವೂ ಸುಮ್ಮನಿದ್ದೆ. ಬುಧವಾರ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಸೂಪರ್‌ವೈಸರ್‌ಗೆ ಬರೆದೆ:

‘ಸರ್, ಶನಿವಾರ ಗದಗಿಗೆ ತಪ್ಪು ಮಾಲು ಹೋಗಿದ್ದು ನನ್ನಿಂದ. ಹಳೇ ಮಾಲು ಯಾವುದು ಅಂತ ನನಗೆ ಗೊತ್ತಿರಲಿಲ್ಲ, ಕೇಳದೆ ಹೂಂ ಅಂದೆ. ಕಾಕಾ ನನ್ನನ್ನ ಕೇಳಿದ್ರು, ನಾನೇ ಹಾಕಿ ಅಂದೆ. ಅವರ ಪಗಾರ ಮುರೀಬೇಡ್ರಿ. ನಂದು ಮುರೀರಿ.’

ನಾಲ್ಕೇ ಸಾಲು. ಬರೆಯೋಕೆ ಒಂದು ತಾಸು ಆಯ್ತು.

ಗುರುವಾರ ಸೂಪರ್‌ವೈಸರ್ ಕರೆದು ಬೈದ್ರು. ಪಕ್ಕಕ್ಕೆ ಕರೆದೇ ಬೈದ್ರು. “ಮೊದಲ ಕೇಳಾಕ ಏನಾಗಿತ್ತು ನಿಂಗ?” ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾನೂ ಫೋನಿನ್ಯಾಗ ಇದ್ದೆ ಬಿಡು” ಅಂದ್ರು. ಶನಿವಾರ ಕಾಕಾಗೆ ಪೂರ್ತಿ ಪಗಾರ ಬಂತು. ಬಾಡಿಗೆಯಲ್ಲಿ ಒಂದಿಷ್ಟು ನನ್ನ ಸಂಬಳದಲ್ಲಿ ಹೋಯ್ತು. ಅದು ನ್ಯಾಯವೇ.

ಸಿನಿಮಾ ಥರ ಕಾಕಾ ನನ್ನ ತಬ್ಬಿಕೊಳ್ಳಲಿಲ್ಲ. ಚಹಾ ಕುಡಿಯುವಾಗ ಇಷ್ಟೇ ಅಂದ್ರು: “ರೊಕ್ಕ ಬಂತು ತಮ್ಮಾ. ಸೋಮವಾರ ಎಲ್ಲಾರ ಮುಂದ ಹೋದ ಮಾನ ಬರಲಿಲ್ಲ. ಅವತ್ತ ಒಂದು ಮಾತು ಹೇಳಿದ್ರ ಆಗ್ತಿತ್ತು.”

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಸರಿಯಾದ ಮಾತನ್ನ ಮೂರು ದಿನ ತಡವಾಗಿ ಹೇಳಿದರೆ ಅದು ಅರ್ಧ ಮಾತ್ರ ಸರಿ. ತಪ್ಪು ಎಲ್ಲರ ಮುಂದೆ ಹೊರಿಸಿದ್ದರೆ, ಅದನ್ನ ಇಳಿಸೋದೂ ಎಲ್ಲರ ಮುಂದೆಯೇ ಆಗಬೇಕು. ನಾನು ಮೆಸೇಜ್ ಕಳಿಸಿ ಸುಮ್ಮನಾಗಿದ್ದೆ. ಮುಂದಿನ ಸೋಮವಾರ ಬೆಳಿಗ್ಗೆ ಎಲ್ಲರೂ ಸೇರಿದಾಗ ಹೇಳಿದೆ, “ಗದಗಿನ ತಪ್ಪು ನಂದ್ರಿ, ಕಾಕಾಂದಲ್ಲ.” ಧ್ವನಿ ನಡುಗ್ತಿತ್ತು. ಯಾರೂ ಏನೂ ಅನ್ನಲಿಲ್ಲ. ಕಾಕಾ ಚೀಲ ಎತ್ತೋಕೆ ಹೋದ್ರು. ಎರಡು ವಾರದ ಮೇಲೆ ಮತ್ತೆ ನನ್ನ ಜೊತೆ ಬುತ್ತಿ ಬಿಚ್ಚೋಕೆ ಶುರು ಮಾಡಿದ್ರು.

ಈಗ ನಮ್ಮ ಗೋದಾಮಿನಲ್ಲಿ ದೊಡ್ಡ ಬದಲಾವಣೆ ಏನೂ ಆಗಿಲ್ಲ. ಬೈಗುಳ ಇನ್ನೂ ಇದೆ. ಆದರೆ ನಾನು ಹೇಳಿದ್ದನ್ನ ತಿರುಗಿ ಹೇಳ್ತೀನಿ, ಚಲನ್ ಕಾಕಾಗೆ ಓದಿ ಹೇಳ್ತೀನಿ, ಅವರು “ಖರೇನ?” ಅಂದರೆ ನಿಂತು ಮತ್ತೆ ನೋಡ್ತೀನಿ. ಸೂಪರ್‌ವೈಸರ್ ‘ಹಳೇ ಮಾಲು’ ಅನ್ನೋದು ಬಿಟ್ಟು ಬ್ಯಾಚ್ ನಂಬರ್ ಹೇಳ್ತಾರೆ.

ಸೋಮವಾರ ಕೆಲಸಕ್ಕೆ ಹೋಗ್ತಿರೋ ಗೆಳೆಯಾ, ನಿನ್ನ ಪ್ರಶ್ನೆಗೆ ನನ್ನ ಉತ್ತರ ಇದು. ಮೊದಲ ದಿನವೇ ಯಾರಾದರೂ ಏನಾದರೂ ಹೇಳ್ತಾರೆ, ನಿನ್ನ ಬಾಯಿಗೆ ‘ಹೂಂ ರೀ’ ಬರುತ್ತೆ. ಅನ್ನು, ಅದು ನಮ್ಮ ಮರ್ಯಾದೆ. ಅದರ ಹಿಂದೆಯೇ ಇನ್ನೊಂದು ಮಾತು ಸೇರಿಸು: “ಅಂದ್ರ ಹಿಂಗ ಅಲ್ರಿ?”

ನೀವು ತಿಳಿಯದೆ ‘ಹೂಂ’ ಅಂದು ಸಿಕ್ಕಿಹಾಕಿಕೊಂಡ ಕಥೆ ಇದ್ದರೆ ಕೆಳಗೆ ಬರೀರಿ. ಕಂಪನಿ ಹೆಸರು ಬೇಡ, ಯಾರ ಹೆಸರೂ ಬೇಡ. ಎಲ್ಲ ಓದ್ತೀನಿ, ಉತ್ತರವೂ ಬರೀತೀನಿ.

#ಆಡೂರು #ಹಾನಗಲ್ #ಹಾವೇರಿ #ನಮ್ಮಬ್ಯಾಚ್ #ಹೂಂರೀಸರ್